ಒಂದು ಕೊಡ ನೀರಿನ ತೂಕದ ಹಡಗು

ಐವತ್ತು ದಾಟಿದ ಹೆಂಗಸು ಹೊಸದಾಗಿ ಒಂದು ಹವ್ಯಾಸ ಹಿಡಿದಳೆಂದರೆ ಅದು ಏನಿರಬಹುದೆಂದು ನಮ್ಮ ಜನಕ್ಕೆ ಮೊದಲೇ ಗೊತ್ತಿರುತ್ತದೆ. ಭಜನಾ ಮಂಡಳಿ, ಅದಲ್ಲದಿದ್ದರೆ ಕ್ರೋಶಾ, ಅದೂ ಅಲ್ಲದಿದ್ದರೆ ಮಂಡಿನೋವಿಗೆಂದು ಯೋಗ. ಮೂರರಲ್ಲಿ ಯಾವುದನ್ನು ಹೇಳಿದರೂ ಕೇಳಿದವರು ತಲೆಯಾಡಿಸಿ ಮುಂದಿನ ಮಾತಿಗೆ ಹೋಗುತ್ತಾರೆ. ಆದರೆ "ಯುದ್ಧದ ಹಡಗು ಕಟ್ಟುತ್ತಿದ್ದೇನೆ" ಎಂದು ಹೇಳಿ ನೋಡಿ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಕೈಯಲ್ಲಿದ್ದ ಹೋಳಿಗೆಯನ್ನು ಎಲೆಯ ಮೇಲೆ ವಾಪಸು ಇಟ್ಟುಬಿಡುತ್ತಾರೆ. "ಆಟದ್ದಾ?" ಎಂದು ಕೇಳುತ್ತಾರೆ. ಆಟದ್ದೇ. ಆದರೆ ಉದ್ದ ಐದಡಿ, ತೂಕ ಹದಿನೈದೂವರೆ ಕಿಲೋಗಿಂತ ಮೇಲೆ, ದಡದ ಮೇಲೆ ನಿಂತು ರೇಡಿಯೋದಿಂದ ನಡೆಸುವಂಥದ್ದು. ಅದನ್ನು ಆಟಿಕೆ ಎನ್ನಬೇಕೋ ಬೇಡವೋ ನೀವೇ ತೀರ್ಮಾನಿಸಿ.

ನಮ್ಮ ಅಕ್ಕಿಹೆಬ್ಬಾಳು ಕಡಲಿನ ಊರಲ್ಲ. ಒಂದು ಕಡೆ ಹೇಮಾವತಿ, ಇನ್ನೊಂದು ಕಡೆ ಮೈಸೂರು ಅರಸೀಕೆರೆಯ ರೈಲು ದಾರಿ, ಸುತ್ತ ಕಬ್ಬು, ಭತ್ತ, ತೆಂಗು. ಮೇಲೆ ಹೇಮಗಿರಿಯ ಅಣೆಕಟ್ಟೆ, ಕೆಳಗೆ ಕನ್ನಂಬಾಡಿಯ ಹಿನ್ನೀರು. ನೀರಿಗೆ ಬರವಿಲ್ಲ, ಸಮುದ್ರ ಮಾತ್ರ ಘಟ್ಟ ಇಳಿದ ಮೇಲೆಯೇ. ಇಂಥ ಊರಿನಲ್ಲಿ ಕೂತು ಹಡಗಿನ ಯೋಚನೆ ಮಾಡುವುದು ಹುಚ್ಚೇ ಎಂದು ಕೇಳುವವರಿಗೆ ನಾನು ಸಮಾಜ ವಿಜ್ಞಾನದ ಮೇಡಂ ಆಗಿ ಕೊಡುವ ಉತ್ತರ ಒಂದಿದೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಶ್ರೀರಂಗಪಟ್ಟಣದಲ್ಲಿ ಕೂತು ಟಿಪ್ಪು ಸುಲ್ತಾನ 1796ರಲ್ಲಿ ನೌಕಾಪಡೆಗೊಂದು ಮಂಡಳಿ ಮಾಡಿ, 22 ದೊಡ್ಡ ಯುದ್ಧನೌಕೆ, 20 ಫ್ರಿಗೇಟುಗಳನ್ನು ಕಟ್ಟಿಸುವ ಯೋಜನೆ ಹಾಕಿದ. ಮೂರು ವರ್ಷದೊಳಗೆ ಕೋಟೆಯೇ ಬಿತ್ತು, ಯೋಜನೆ ಕಾಗದದಲ್ಲಿ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ ಮೈಸೂರು ಎಂಬ ಹೆಸರಿನ ಹಡಗೇ ಬಂತು. ಬ್ರಿಟನ್ನಿನಲ್ಲಿ 'ನೈಜೀರಿಯಾ' ಆಗಿದ್ದ ಕ್ರೂಸರ್ 1957ರಲ್ಲಿ 'ಐ.ಎನ್.ಎಸ್. ಮೈಸೂರು' ಆಗಿ, 1961ರಲ್ಲಿ ಕಾರವಾರದ ಎದುರಿನ ಅಂಜುದೀವ್ ದ್ವೀಪದ ಕಾರ್ಯಾಚರಣೆಯಲ್ಲಿ ಪಾಲ್ಗೊಂಡು, 1985ರಲ್ಲಿ ನಿವೃತ್ತಿಯಾಯಿತು. ಅದೇ ಹೆಸರಿನ ಎರಡನೆಯ ಹಡಗು, ಮುಂಬಯಿಯ ಮಜಗಾಂವ್ ಡಾಕಿನಲ್ಲಿ ಕಟ್ಟಿದ್ದು, 1999ರ ಜೂನ್ 2ರಂದು ನೌಕಾಪಡೆ ಸೇರಿತು. ಅದರ ಲಾಂಛನದಲ್ಲಿರುವುದು ನಮ್ಮ ಗಂಡಭೇರುಂಡ. ಹೀಗಿರುವಾಗ ಹಡಗಿಗೂ ನಮಗೂ ಏನು ಸಂಬಂಧ ಎನ್ನುವುದು ಸರಿಯಲ್ಲ ಅಲ್ಲವೇ?

ಆದರೆ ನಿಜ ಹೇಳಬೇಕೆಂದರೆ ಈ ಕೆಲಸಕ್ಕೆ ನಾನು ಇಳಿದದ್ದು ಇತಿಹಾಸದಿಂದಲ್ಲ, ನಮ್ಮಕ್ಕನ ಮಗಳಿಂದ. ಅವಳು ಮೈಸೂರಿನಲ್ಲಿ ಕಾಲೇಜು ಓದುವಾಗ ಎನ್.ಸಿ.ಸಿ.ಯ ನೌಕಾ ವಿಭಾಗದ ಕೆಡೆಟ್. ಅಲ್ಲಿ ಕವಾಯತು, ದೋಣಿ ಹುಟ್ಟು ಹಾಕುವುದು, ಬಾವುಟ ಹಿಡಿದು ಸಂಕೇತ ಕೊಡುವುದು, ಇವುಗಳ ಜೊತೆಗೆ ಹಡಗಿನ ಮಾದರಿ ಮಾಡುವುದೂ ಒಂದು ವಿದ್ಯೆ. ಅಖಿಲ ಭಾರತ ನೌಸೈನಿಕ ಶಿಬಿರದಲ್ಲಿ ಅದಕ್ಕೇ ಸ್ಪರ್ಧೆ ಇದೆ, ಹುಡುಗಿಯರೂ ಮಾಡುತ್ತಾರೆ. ರಜೆಗೆ ಬಂದಾಗ ಅವಳು ನಮ್ಮ ಜಗುಲಿಯ ಮೇಲೆ ತೆಳು ಹಲಗೆ, ಅಂಟು, ಉಪ್ಪುಕಾಗದ ಹರಡಿಕೊಂಡು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತ ನೋಡುತ್ತಿದ್ದೆ.

2022ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸ ಕಾರವಾರಕ್ಕೆ ಹೋಯಿತು. ಅಲ್ಲಿ ಟ್ಯಾಗೋರ್ ಕಡಲತೀರದಲ್ಲಿ 'ಚಪಲ' ಎಂಬ ಕ್ಷಿಪಣಿ ದೋಣಿಯನ್ನು ನೆಲದ ಮೇಲೆ ನಿಲ್ಲಿಸಿದ್ದಾರೆ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾದ ದೋಣಿ. ಮರುವರ್ಷ ಅದನ್ನು ವಸ್ತುಸಂಗ್ರಹಾಲಯ ಮಾಡಿದರು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದ್ದು ಇದೇ ಜಾತಿಯ, ಇದಕ್ಕಿಂತ ಒಂದು ತಲೆಮಾರು ಹಳೆಯ ದೋಣಿಗಳು. ಅದರ ನೆನಪಿಗೇ ಆ ದಿನ ನೌಕಾಪಡೆಯ ದಿನವಾಗಿದೆ. ನಮ್ಮ ಎಂಟನೇ ತರಗತಿಯ ಹುಡುಗಿಯೊಬ್ಬಳು ಅದರ ಪಕ್ಕದಲ್ಲಿ ಹೆಜ್ಜೆ ಎಣಿಸಿಕೊಂಡು ನಡೆದು, "ಮಿಸ್, ಐವತ್ತೆರಡು ಹೆಜ್ಜೆ" ಎಂದಳು. ಇನ್ನೊಬ್ಬಳು, "ಇಷ್ಟು ಕಬ್ಬಿಣ ಹೆಂಗೆ ಮಿಸ್ ತೇಲ್ತದೆ?" ಎಂದು ಕೇಳಿದಳು. ಬಿ.ಎ., ಬಿ.ಎಡ್. ಓದಿದ ನನಗೆ ಆ ಪ್ರಶ್ನೆಗೆ ಪುಸ್ತಕದ ಉತ್ತರ ಗೊತ್ತಿತ್ತು. ಹೇಳಿದೆ. ಅವಳ ಮುಖ ನೋಡಿದರೆ ಉತ್ತರ ಕಿವಿಯವರೆಗೆ ಹೋಗಿ ಅಲ್ಲೇ ನಿಂತಿತ್ತು. ವಾಪಸು ಬರುವ ಬಸ್ಸಿನಲ್ಲಿ ಅಕ್ಕನ ಮಗಳಿಗೆ ಫೋನು ಮಾಡಿ, "ನಾವೂ ಒಂದು ಮಾಡಬಹುದೇನೇ?" ಎಂದೆ.

ಎಂಟು ಹುಡುಗಿಯರು ಹೆಸರು ಕೊಟ್ಟರು. ಹುಡುಗರು, ಫಿರಂಗಿ ಕೂರಿಸುವ ಹೊತ್ತಿಗೆ ಹೇಳಿ ಕಳಿಸಿ ಮಿಸ್, ಬರುತ್ತೇವೆ ಎಂದು ಕ್ರಿಕೆಟ್ಟಿಗೆ ಹೋದರು. ಶನಿವಾರ ಮಧ್ಯಾಹ್ನ, ನಮ್ಮ ಮನೆಯ ಜಗುಲಿ. 2023ರ ಬೇಸಿಗೆಯಲ್ಲಿ ಶುರು.

ಮೊದಲ ಜಗಳ ಯಾವ ಹಡಗು ಎಂಬುದರ ಮೇಲೆ. ಹುಡುಗಿಯರೆಲ್ಲ ಒಂದೇ ದನಿಯಲ್ಲಿ 'ಮೈಸೂರು' ಎಂದರು. ಅಕ್ಕನ ಮಗಳು ಬೇಡ ಎಂದಳು. ಅವಳು ಕೊಟ್ಟ ಕಾರಣ ಈ ಕೆಲಸಕ್ಕೆ ಇಳಿಯುವ ಯಾರಿಗಾದರೂ ಉಪಯೋಗಕ್ಕೆ ಬರುವಂಥದ್ದು. 'ಮೈಸೂರು' 163 ಮೀಟರ್ ಉದ್ದ, 17 ಮೀಟರ್ ಅಗಲ. ನೂರರಲ್ಲೊಂದು ಅಳತೆಗೆ ಇಳಿಸಿದರೆ 163 ಸೆಂಟಿಮೀಟರ್ ಉದ್ದಕ್ಕೆ 17 ಸೆಂಟಿಮೀಟರ್ ಅಗಲ. ಮೇಲೆ ಎತ್ತರದ ಕಂಬ, ಗೋಪುರ, ರೇಡಾರು. ತೆಳ್ಳಗೆ ಎತ್ತರಕ್ಕೆ ಇರುವವರು ಗಾಳಿಯಲ್ಲಿ ನಿಂತಂತೆ. ಸ್ವಲ್ಪ ಲೆಕ್ಕ ತಪ್ಪಿದರೂ ಪಕ್ಕಕ್ಕೆ ಮಗುಚುತ್ತದೆ. 'ಚಪಲ' ಹಾಗಲ್ಲ. 38.6 ಮೀಟರ್ ಉದ್ದ, ಏಳೂವರೆ ಮೀಟರಿಗಿಂತ ಹೆಚ್ಚು ಅಗಲ. ಕುಳ್ಳು, ಅಗಲ, ಗಟ್ಟಿ. ಇಪ್ಪತ್ತೈದರಲ್ಲೊಂದು ಅಳತೆಗೆ ಇಳಿಸಿದರೆ 154 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ. ದೊಡ್ಡ ಹಡಗನ್ನು ತುಂಬ ಸಣ್ಣದು ಮಾಡುವುದಕ್ಕಿಂತ, ಸಣ್ಣ ಹಡಗನ್ನು ಸ್ವಲ್ಪವೇ ಸಣ್ಣದು ಮಾಡುವುದು ಹೊಸಬರಿಗೆ ವಾಸಿ. ಒಳಗೆ ಕೈ ಹಾಕಲು ಜಾಗವಿರುತ್ತದೆ, ಸಣ್ಣ ಅಲೆಗೆ ಹೆದರುವುದಿಲ್ಲ.

ಆಮೇಲೆ ತೂಕದ ಲೆಕ್ಕ. ಉದ್ದ 25 ಪಾಲು ಕಡಿಮೆಯಾದರೆ ತೂಕವೂ 25 ಪಾಲು ಕಡಿಮೆಯಾಗುತ್ತದೆ ಎಂದು ಹುಡುಗಿಯರು ಅಂದುಕೊಂಡಿದ್ದರು. ಹಾಗಾಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 25ನ್ನು ಮೂರು ಸಲ ಗುಣಿಸಬೇಕು: 15,625. ಸುಮಾರು 245 ಟನ್ನಿನ ದೋಣಿ ಈ ಲೆಕ್ಕದಲ್ಲಿ 15.7 ಕಿಲೋ. ಮಾದರಿಯ ತೂಕ ಇಷ್ಟೇ ಇರಬೇಕು. ಕಡಿಮೆಯಾದರೆ ಬುರುಡೆಯಂತೆ ಮೇಲೆ ತೇಲಿ ತೂರಾಡುತ್ತದೆ, ಹೆಚ್ಚಾದರೆ ಅಟ್ಟದವರೆಗೆ ನೀರು ಬರುತ್ತದೆ. ಹದಿನೈದು ಚಿಲ್ಲರೆ ಕಿಲೋ ಎಂದರೆ ಎಷ್ಟು ಎಂದು ಯೋಚಿಸುತ್ತಿದ್ದಾಗ ಒಬ್ಬ ಹುಡುಗಿಯೇ ಹೇಳಿದಳು: "ಒಂದು ದೊಡ್ಡ ಪ್ಲಾಸ್ಟಿಕ್ ಕೊಡದ ನೀರು ಮಿಸ್." ಅಷ್ಟೇ. ದಿನಾ ಬೆಳಿಗ್ಗೆ ಅವಳು ಸೊಂಟದ ಮೇಲೆ ಹೊರುವ ತೂಕ. ಹಡಗು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸಿ ಅಲ್ಲಿ ಕೂರುತ್ತದೆ. ಒಂದು ಕೊಡ ನೀರು ಸರಿಸಿ, ಒಂದು ಕೊಡದ ತೂಕದ ಹಡಗು ಕೂರುತ್ತದೆ. ಕಾರವಾರದಲ್ಲಿ ಕಿವಿಯ ಹತ್ತಿರ ನಿಂತಿದ್ದ ಉತ್ತರ ಆ ಶನಿವಾರ ಒಳಗೆ ಹೋಯಿತು.

ವೇಗಕ್ಕೆ ಬೇರೆಯೇ ಲೆಕ್ಕವಿದೆ. ನಿಜವಾದ ದೋಣಿ 40 ನಾಟ್, ಅಂದರೆ ಗಂಟೆಗೆ ಸುಮಾರು 74 ಕಿಲೋಮೀಟರ್ ಓಡಿದರೆ, ಮಾದರಿ 25ರ ವರ್ಗಮೂಲದಷ್ಟು, ಅಂದರೆ ಐದು ಪಾಲು ನಿಧಾನವಾಗಿ ಓಡಿದರೆ ಸಾಕು. ನೀರಿನ ಅಲೆ ಅಸಲಿನ ಹಾಗೆಯೇ ಏಳುತ್ತದೆ. ಇದನ್ನು ಕಂಡುಕೊಂಡವರು ವಿಲಿಯಂ ಫ್ರೌಡ್ ಎಂಬ ಇಂಗ್ಲೆಂಡಿನ ಎಂಜಿನಿಯರ್. 1872ರಲ್ಲಿ ಟಾರ್ಕಿ ಎಂಬ ಊರಿನಲ್ಲಿ ಉದ್ದದ ತೊಟ್ಟಿ ಕಟ್ಟಿ ಸಣ್ಣ ಹಡಗುಗಳನ್ನು ಎಳೆಸಿ ನೋಡಿದರು. ದೂರದ ಮಾತೇಕೆ, ನಮ್ಮ ಕೃಷ್ಣರಾಜಸಾಗರದಲ್ಲೇ 1940ರ ದಶಕದಿಂದ ಇರುವ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟೆಗಳ ಪುಟ್ಟ ಮಾದರಿ ಕಟ್ಟಿ ನೀರು ಹರಿಸಿ ಪರೀಕ್ಷೆ ಮಾಡುವುದೂ ಇದೇ ನಿಯಮದ ಮೇಲೆ. ಸಣ್ಣದನ್ನು ಮಾಡಿ ದೊಡ್ಡದನ್ನು ತಿಳಿಯುವುದು ಆಟವೇ ಆದರೂ ಎಂಜಿನಿಯರುಗಳೂ ಆಡುವ ಆಟ.

ಕೆಲಸ ಶುರುವಾದ ಮೇಲೆ ನಮಗೆ ಒಂದು ಸಂಗತಿ ತಿಳಿಯಿತು. ಹಡಗು ಕಟ್ಟುವ ವಿದ್ಯೆಯಲ್ಲಿ ಅರ್ಧ ನಮ್ಮ ಹೆಂಗಸರಿಗೆ ಆಗಲೇ ಬರುತ್ತದೆ. ಹೆಸರು ಮಾತ್ರ ಬೇರೆ. ನಕ್ಷೆ ಒಂದು ಗೇಣು ಉದ್ದವಿತ್ತು, ಅದನ್ನು ಐದಡಿಗೆ ಹಿಗ್ಗಿಸಬೇಕು. ನಕ್ಷೆಯ ಮೇಲೆ ಚೌಕ ಎಳೆದು, ಗೋಡೆಗೆ ಅಂಟಿಸಿದ ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ದೊಡ್ಡ ಚೌಕ ಎಳೆದು, ಒಂದೊಂದು ಚೌಕದ ಗೆರೆಯನ್ನು ಇಲ್ಲಿಂದ ಅಲ್ಲಿಗೆ ಸಾಗಿಸಬೇಕು. ಚುಕ್ಕಿ ರಂಗೋಲಿ ಹಾಕಿದ ಕೈಗೆ ಇದನ್ನು ಹೇಳಿಕೊಡಬೇಕೇ? ಅಡಿಗೆ ಒಂದು ಬೆನ್ನೆಲುಬು, ಅದಕ್ಕೆ ಅಡ್ಡಲಾಗಿ ಪಕ್ಕೆಲುಬುಗಳು, ಇವನ್ನು ನಾಲ್ಕು ಮಿಲಿಮೀಟರಿನ ನೀರು ತಡೆಯುವ ಪ್ಲೈವುಡ್ಡಿನಲ್ಲಿ ಕತ್ತರಿಸಿಕೊಟ್ಟವರು ಊರ ಆಚಾರರು. "ಇದೇನವ್ವ, ತೊಟ್ಟಿಲಾ?" ಎಂದು ಮೂರು ಸಲ ಕೇಳಿದರು. ಪಕ್ಕೆಲುಬಿನ ಮೇಲೆ ಹೊದಿಸುವ ತೆಳು ಹಲಗೆ ಮುಂಭಾಗಕ್ಕೆ ಬಂದಾಗ ಎರಡು ಕಡೆ ಬಾಗಬೇಕು. ಹಲಗೆ ಒಂದು ಕಡೆ ಬಾಗುತ್ತದೆಯೇ ಹೊರತು ಎರಡು ಕಡೆ ಬಾಗುವುದಿಲ್ಲ. ಹೊಲಿಗೆ ಗೊತ್ತಿದ್ದ ಹುಡುಗಿಯೊಬ್ಬಳು ಕಾಗದದಲ್ಲಿ ಮಾದರಿ ಕತ್ತರಿಸಿ, ರವಿಕೆಗೆ ಟಕ್ಸು ಹಿಡಿದ ಹಾಗೆ ಎರಡು ಕಡೆ ಸಣ್ಣ ತ್ರಿಕೋನ ತೆಗೆದು ಕೂಡಿಸಿಬಿಟ್ಟಳು. ಅಕ್ಕನ ಮಗಳು ಫೋಟೋ ನೋಡಿ, "ಇದನ್ನು ಕಲಿಯಲು ನಮಗೆ ಒಂದು ವರ್ಷ ಹಿಡಿದಿತ್ತು" ಎಂದಳು.

ಹೊರಮೈಗೆ ಗಾಜಿನ ನಾರಿನ ಬಟ್ಟೆ ಹೊದಿಸಿ ರೆಸಿನ್ ಹಚ್ಚಬೇಕು. ಅದರ ವಾಸನೆ ತಲೆನೋವು ಬರಿಸುವಂಥದ್ದು. ಬಯಲಿನಲ್ಲಿ, ಮುಖಕ್ಕೆ ಮಾಸ್ಕು, ಕೈಗೆ ಗವಸು ಹಾಕಿಕೊಂಡೇ ಮಾಡಬೇಕು. ಆ ಕೆಲಸ ನಾನು, ಅಕ್ಕನ ಮಗಳು ಇಬ್ಬರೇ ಮಾಡಿದೆವು, ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಕ್ಷಿಪಣಿಯ ನಾಲ್ಕು ಗೂಡುಗಳಿಗೆ ಪಿವಿಸಿ ಪೈಪಿನ ತುಂಡು ಆದವು. ಕೊಳಾಯಿ ಕೆಲಸದವನು ಉಳಿದದ್ದನ್ನು ಪುಕ್ಕಟೆ ಕೊಟ್ಟ. ಬ್ಯಾಟರಿಗೆ ಎಲ್ಲಿಗೂ ಹೋಗಬೇಕಾಗಲಿಲ್ಲ. ಗದ್ದೆಗೆ ಔಷಧಿ ಹೊಡೆಯುವ ಯಂತ್ರದಲ್ಲಿ ಇರುವ 12 ವೋಲ್ಟಿನ ಬ್ಯಾಟರಿಯೇ ಸಾಕು. ಒಂದೊಂದು ಎರಡೂವರೆ ಕಿಲೋ ತೂಗುತ್ತದೆ. ಔಷಧಿ ಯಂತ್ರಕ್ಕೆ ಅದು ಬೆನ್ನಿನ ಭಾರ, ಹಡಗಿಗೆ ಅದು ಬೇಕಾದ ಭಾರ. ಮೋಟಾರು, ಚುಕ್ಕಾಣಿ ತಿರುಗಿಸುವ ಸಣ್ಣ ಯಂತ್ರ, ವೇಗ ಹಿಡಿತದ ಪೆಟ್ಟಿಗೆ, ರೇಡಿಯೋ ಇವು ಬೆಂಗಳೂರಿನಿಂದ ಅಂಚೆಯಲ್ಲಿ ಬಂದವು. ಅಸಲಿ 'ಚಪಲ'ಕ್ಕೆ ಮೂರು ಪ್ರೊಪೆಲರ್. ನಮ್ಮದರಲ್ಲಿ ನಡುವಿನದು ಮಾತ್ರ ತಿರುಗುತ್ತದೆ, ಆಚೀಚೆಯವು ತೋರಿಕೆಗೆ. ಮೊದಲ ಹಡಗಿಗೆ ಒಂದೇ ಮೋಟಾರು ಸಾಕೆಂಬುದು ಬಲ್ಲವರ ಮಾತು.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿದದ್ದು ಒಂದು ಹಿತ್ತಾಳೆಯ ಕೊಳವೆ. ಮೋಟಾರು ಒಳಗೆ, ಪ್ರೊಪೆಲರ್ ಹೊರಗೆ ನೀರಿನಲ್ಲಿ. ನಡುವೆ ತಿರುಗುವ ಸರಳು ಹಡಗಿನ ಗೋಡೆಯನ್ನು ದಾಟಲೇಬೇಕು. ತಿರುಗಲೂಬೇಕು, ನೀರೂ ಬರಬಾರದು. ಉಪಾಯವೇನೆಂದರೆ ಸರಳನ್ನು ಕೊಳವೆಯೊಳಗೆ ಇಟ್ಟು ಸುತ್ತ ಗ್ರೀಸು ತುಂಬುವುದು. ಗ್ರೀಸು ಸರಳಿಗೆ ದಾರಿ ಬಿಡುತ್ತದೆ, ನೀರಿಗೆ ಬಿಡುವುದಿಲ್ಲ. ಮನೆ ತುಂಬಿದ ಸಂಸಾರದಲ್ಲಿ ಹಿರಿಯ ಹೆಂಗಸು ಮಾಡುವುದೂ ಇದೇ ಕೆಲಸವಲ್ಲವೇ ಎಂದು ಒಮ್ಮೆ ಅಂದುಕೊಂಡು ನಕ್ಕೆ.

ರೇಡಿಯೋ ಬಗ್ಗೆ ಎರಡು ಮಾತು. ದೂರದಿಂದ ದೋಣಿ ನಡೆಸಿ ಜನಕ್ಕೆ ಮೊದಲು ತೋರಿಸಿದವರು ನಿಕೋಲಾ ಟೆಸ್ಲಾ, 1898ರಲ್ಲಿ, ನ್ಯೂಯಾರ್ಕಿನಲ್ಲಿ. ಈಗಿನ ಸೆಟ್ಟುಗಳು 2.4 ಗಿಗಾಹರ್ಟ್ಸಿನವು. ಈ ಅಲೆ ನೀರಿನೊಳಗೆ ಹೋಗುವುದಿಲ್ಲ. ಹಾಗಾಗಿ ಹಡಗಿನ ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲೇ ಇರಬೇಕು. ಇನ್ನೊಂದು ನಿಯಮ: ಶುರು ಮಾಡುವಾಗ ಮೊದಲು ಕೈಯಲ್ಲಿರುವ ಪೆಟ್ಟಿಗೆಗೆ ಜೀವ ಕೊಡಬೇಕು, ಆಮೇಲೆ ಹಡಗಿಗೆ. ನಿಲ್ಲಿಸುವಾಗ ಮೊದಲು ಹಡಗು, ಆಮೇಲೆ ಪೆಟ್ಟಿಗೆ. ಹೇಳುವವರಿಲ್ಲದೆ ಹಡಗು ಎಚ್ಚರವಾಗಿರಬಾರದು. ಇದನ್ನು ಹುಡುಗಿಯರು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡರು.

ಊರಿನಲ್ಲಿ ಮಾತು ಬರದೆ ಇರುತ್ತದೆಯೇ? ಖರ್ಚಿನ ಮಾತು ಮೊದಲು. ಎರಡು ವರ್ಷದಲ್ಲಿ ಎಲ್ಲ ಸೇರಿ 18 ಸಾವಿರ ರೂಪಾಯಿ. ಒಂದು ಮದುವೆಗೆ ಉಡುವ ರೇಷ್ಮೆ ಸೀರೆಯ ಬೆಲೆ. ಆ ಸೀರೆಯನ್ನು ಎಷ್ಟು ಸಲ ಉಡುತ್ತೇವೆಂದು ಯಾರೂ ಲೆಕ್ಕ ಕೇಳುವುದಿಲ್ಲ. ಎರಡನೆಯದು ಕಷ್ಟದ ಪ್ರಶ್ನೆ. ಹುಡುಗಿಯೊಬ್ಬಳ ತಾಯಿ ಕೇಳಿದ್ದು. "ಹೆಣ್ಮಕ್ಕಳ ಕೈಲಿ ಯುದ್ಧದ ಹಡಗು ಯಾಕೆ ಮಾಡಿಸ್ತೀರವ್ವ? ಮೀನಿನ ದೋಣಿ ಮಾಡಿಸಬಾರದಾ?" ಎಂದರು. ಆಕೆಯ ತಮ್ಮ ಸೈನ್ಯದಲ್ಲಿದ್ದಾನೆ. ಸುಮ್ಮನೆ ಕೇಳಿದ ಮಾತಲ್ಲ.

ಹೊರದೇಶಗಳಲ್ಲಿ ಈ ಹವ್ಯಾಸದಲ್ಲಿ ಕಾದಾಟವೂ ಇದೆ. ಇಂಗ್ಲೆಂಡಿನ ಸ್ಕಾರ್ಬರೋ ಊರಿನ ಉದ್ಯಾನದ ಕೊಳದಲ್ಲಿ 1927ರಿಂದ ಮಾದರಿ ಯುದ್ಧನೌಕೆಗಳ ಕಾಳಗದ ಪ್ರದರ್ಶನ ನಡೆದುಬಂದಿದೆ. ಅವು ಒಳಗೆ ಮನುಷ್ಯ ಕೂತು ನಡೆಸುವಷ್ಟು ದೊಡ್ಡವು. ಅಮೆರಿಕದಲ್ಲಿ ರೇಡಿಯೋ ಹಡಗುಗಳಿಗೆ ಸಣ್ಣ ಗುಂಡು ಹಾರಿಸುವ ಬಂದೂಕು ಕೂರಿಸಿ, ಒಂದನ್ನೊಂದು ಮುಳುಗಿಸಿ, ಮತ್ತೆ ಎತ್ತಿ ತೇಪೆ ಹಾಕುವ ಸಂಘಗಳಿವೆ. ನಮ್ಮ ಫಿರಂಗಿ ಹಾರುವುದಿಲ್ಲ. ಬಾಲ್ ಪೆನ್ನಿನ ಕೊಳವೆಯಲ್ಲಿ ಮಾಡಿದ್ದು.

ಆ ತಾಯಿಗೆ ನಾನು 'ಖುಕ್ರಿ'ಯ ಕಥೆ ಹೇಳಿದೆ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಸಮೀಪ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪೆಡೋ ತಗುಲಿ ಮುಳುಗಿದ ನಮ್ಮ ಹಡಗು. 18 ಅಧಿಕಾರಿಗಳು, 176 ನಾವಿಕರು ಅದರೊಂದಿಗೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಹಡಗು ಬಿಟ್ಟು ಬರಲಿಲ್ಲ. ಯುದ್ಧದ ಹಡಗು ಎಂದರೆ ಫಿರಂಗಿ ಅಷ್ಟೇ ಅಲ್ಲ ಕಣಮ್ಮ, ಏಟು ಬಿದ್ದರೂ ಮುಳುಗದಂತೆ, ಮುಳುಗಿದರೂ ನಿಧಾನವಾಗಿ ಮುಳುಗಿ ಒಳಗಿನ ಮಕ್ಕಳಿಗೆ ಹೊರಬರಲು ಹೊತ್ತು ಕೊಡುವಂತೆ ಕಟ್ಟಬೇಕಾದ ಹಡಗು. ಅದಕ್ಕೇ ಒಳಗೆ ಅಡ್ಡಗೋಡೆಗಳಿರುತ್ತವೆ, ಒಂದು ಕೋಣೆಗೆ ನೀರು ನುಗ್ಗಿದರೆ ಇನ್ನೊಂದು ತಡೆಯುತ್ತದೆ, ನಿಮ್ಮ ಮಗಳು ಕೂರಿಸುತ್ತಿರುವುದು ಅದನ್ನೇ ಎಂದೆ. ಅವರು ಜಗುಲಿಯ ಮೇಲೆ ಬಂದು, ಬಗ್ಗಿ, ಆರು ಅಡ್ಡಗೋಡೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಯುದ್ಧ ಒಳ್ಳೆಯದೆಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮಗಳನ್ನು ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಹಡಗನ್ನು ಮೊದಲು ನೀರಿಗೆ ಇಳಿಸಿದ್ದು ನಮ್ಮ ಮನೆಯ ಹಿತ್ತಿಲಿನ ಸಿಮೆಂಟು ತೊಟ್ಟಿಯಲ್ಲಿ. ಬ್ಯಾಟರಿ, ಮೋಟಾರು ಎಲ್ಲ ಸೇರಿ 12 ಕಿಲೋ. ಉಳಿದ 3.7 ಕಿಲೋ ಭಾರವನ್ನು ಎಲ್ಲಿಡಬೇಕೆಂಬುದೇ ಅಂದಿನ ಪಾಠ. ಮರಳನ್ನು ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಕೊಂಡು, ಹಿಂದೆ ಒಂದು, ಮುಂದೆ ಒಂದು, ಎಡಕ್ಕೆ ಅರ್ಧ ಎಂದು ಇಟ್ಟು ನೋಡುವುದು. ಎಲ್ಲವೂ ಅಡಿಯಲ್ಲೇ, ಬೆನ್ನೆಲುಬಿನ ಪಕ್ಕದಲ್ಲೇ ಕೂರಬೇಕು. ಅದೇ ಚೀಲವನ್ನು ಅಟ್ಟದ ಮೇಲೆ ಇಟ್ಟು ಬೆರಳಿನಿಂದ ತಳ್ಳಿದರೆ ಹಡಗು ವಾಲಿ ಏಳಲು ತಡಮಾಡುತ್ತದೆ. ಅಡಿಯಲ್ಲಿಟ್ಟು ತಳ್ಳಿದರೆ ಥಟ್ಟನೆ ಎದ್ದು ನಿಲ್ಲುತ್ತದೆ. ಎಂಟು ಜನವೂ ಸರದಿಯ ಮೇಲೆ ತಳ್ಳಿ ನೋಡಿದರು. ಕೊನೆಗೆ ನಕ್ಷೆಯಲ್ಲಿ ಎಳೆದಿದ್ದ ನೀರಿನ ಗೆರೆಗೇ ನೀರು ಬಂದು ನಿಂತಾಗ ಯಾರೂ ಕೂಗಲಿಲ್ಲ. ಒಬ್ಬಳು ಪೆನ್ಸಿಲಿನಲ್ಲಿ ಸುತ್ತ ಗುರುತು ಹಾಕಿದಳು. ಬಣ್ಣ ಬಳಿಯುವುದು, ಫಿರಂಗಿ ಕೂರಿಸುವುದು ಎಲ್ಲ ಅದಾದ ಮೇಲೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದೊಂದೇ: ಕಾಣುವ ಭಾಗಕ್ಕೆ ಆತುರಪಡಬೇಡಿ, ಹಡಗು ಇರುವುದು ನೀರಿನ ಕೆಳಗೆ.

ತೊಟ್ಟಿಯಿಂದ ಕೆರೆಗೆ ಹೋಗುವುದು ಮಾತ್ರ ಸುಲಭವಾಗಲಿಲ್ಲ. ಅದಕ್ಕೆ ಕಾರಣ ಹಡಗಲ್ಲ, ನೀರು.

ನಮ್ಮ ಜಿಲ್ಲೆಯಲ್ಲಿ ಎತ್ತ ತಿರುಗಿದರೂ ನಾಲೆ, ಹೊಳೆ, ಕೆರೆ. ಆದರೆ ನಮ್ಮ ಹೆಣ್ಣುಮಕ್ಕಳಿಗೆ ನೀರು ಎಂದರೆ ಎರಡೇ: ಹೊರುವ ಭಾರ, ಇಲ್ಲವೇ ಹೆದರುವ ಆಳ. 2018ರ ನವೆಂಬರ್ 24ರ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳಿದ್ದರು. ಆ ವಾರ ತರಗತಿಗೆ ಹೋಗಿ ಹಾಜರಿ ಕರೆಯುವಾಗ ನಮ್ಮ ಯಾವ ಶಿಕ್ಷಕರ ದನಿಯೂ ಸರಿಯಾಗಿರಲಿಲ್ಲ. ಅದಾದ ಮೇಲೆ ಎಷ್ಟೋ ತಾಯಂದಿರು ಮಕ್ಕಳನ್ನು ನೀರಿನ ಹತ್ತಿರಕ್ಕೆ ಬಿಡುವುದನ್ನೇ ನಿಲ್ಲಿಸಿದರು. ಅವರನ್ನು ತಪ್ಪೆನ್ನಲು ನನ್ನಿಂದ ಆಗದು. ಆದರೆ ಹತ್ತಿರ ಬಿಡದೆ ಇದ್ದರೆ ಹೆದರಿಕೆ ಉಳಿಯುತ್ತದೆ, ತಿಳಿವಳಿಕೆ ಬರುವುದಿಲ್ಲ. ನಾಲೆ ಮಾತ್ರ ಹರಿಯುತ್ತಲೇ ಇರುತ್ತದೆ.

ಹಾಗಾಗಿ ಎಂಟು ತಾಯಂದಿರನ್ನೂ ಕರೆದು ಕೂರಿಸಿ ನಿಯಮ ಹೇಳಿದೆ. ಹೊಳೆಯಲ್ಲಿ, ನಾಲೆಯಲ್ಲಿ ಹಡಗು ಬಿಡುವುದಿಲ್ಲ. ನಿಂತ ನೀರಿನ ಕೆರೆಯಲ್ಲಿ ಮಾತ್ರ. ಮಕ್ಕಳು ದಡದ ಕಲ್ಲಿನಿಂದ ಕೆಳಗೆ ಇಳಿಯುವುದಿಲ್ಲ. ಹಡಗು ನಡುನೀರಿನಲ್ಲಿ ನಿಂತರೆ ಅದನ್ನು ತರಲು ಯಾರೂ ನೀರಿಗೆ ಇಳಿಯುವಂತಿಲ್ಲ. ಹೋದರೆ ಹೋಯಿತು, ಅದು ಹಲಗೆ. ತೆಪ್ಪದ ಅಜ್ಜ ಒಬ್ಬರು ಮೊದಲಿನಿಂದ ಕೊನೆಯವರೆಗೆ ಅಲ್ಲೇ ಇರುತ್ತಾರೆ. ತಾಯಂದಿರೂ ಬರಬಹುದು. ಬರಬಹುದು ಎಂದದ್ದಕ್ಕೆ ಎಂಟು ಜನವೂ ಬಂದರು, ಜೊತೆಗೆ ಇಬ್ಬರು ಅಜ್ಜಿಯರು.

2025ರ ಸಂಕ್ರಾಂತಿ ಕಳೆದ ಭಾನುವಾರ. ಬೆಳಿಗ್ಗೆ ಗಾಳಿ ಇರಲಿಲ್ಲ. ಇಬ್ಬರು ಹುಡುಗಿಯರು ಹಡಗನ್ನು ಎರಡು ಬಟ್ಟೆಯ ಜೋಲಿಯಲ್ಲಿ ಹೊತ್ತು ತಂದು ದಡದ ಕಲ್ಲಿನ ಪಕ್ಕ ಇಳಿಸಿದರು. ಮೊದಲು ಪೆಟ್ಟಿಗೆ, ಆಮೇಲೆ ಹಡಗು. ಚುಕ್ಕಾಣಿ ಎಡಕ್ಕೆ, ಬಲಕ್ಕೆ. ಸರಿ. ಬೂದು ಬಣ್ಣದ ಆ ಮೈ ಮೆಲ್ಲಗೆ ಹೊರಟು, ಮೂತಿಯಲ್ಲಿ ಬಿಳಿ ನೊರೆ ಕಟ್ಟಿಕೊಂಡು, ಹಿಂದೆ ಎರಡು ಗೆರೆ ಎಳೆಯುತ್ತ ಹೋಯಿತು. ಅಲೆ ಕಾರವಾರದ ಚಿತ್ರಪಟದಲ್ಲಿ ನೋಡಿದಂತೆಯೇ ಎದ್ದಿತು. ಫ್ರೌಡ್ ಸಾಹೇಬರ ಲೆಕ್ಕ ನಮ್ಮ ಕೆರೆಯಲ್ಲೂ ಸುಳ್ಳಾಗಲಿಲ್ಲ. ಮೂರನೆಯ ಸುತ್ತಿನಲ್ಲಿ ಅಂತರಗಂಗೆಯ ಬೇರು ಪ್ರೊಪೆಲರಿಗೆ ಸುತ್ತಿಕೊಂಡು ನಿಂತಿತು. ಒಂದು ಹುಡುಗಿಯೂ ದಡದ ಕಲ್ಲು ಬಿಟ್ಟು ಕದಲಲಿಲ್ಲ. ಅಜ್ಜ ತೆಪ್ಪದಲ್ಲಿ ಹೋಗಿ, ಎಳೆಗರುವನ್ನು ಹಿಡಿದಂತೆ ಹಿಡಿದು ತಂದರು. ಹುಡುಗರು ಅಷ್ಟು ಹೊತ್ತಿಗೆ ಬಂದಿದ್ದರು. "ಫಿರಂಗಿ ಹಾರಿಸಿ ಮಿಸ್" ಎಂದರು.

ಮನೆಗೆ ವಾಪಸು ಬರುವಾಗ, ಕಾರವಾರದಲ್ಲಿ ಕಬ್ಬಿಣ ಹೇಗೆ ತೇಲುತ್ತದೆಂದು ಕೇಳಿದ್ದ ಹುಡುಗಿಯೇ ಇನ್ನೊಂದು ಪ್ರಶ್ನೆ ಕೇಳಿದಳು. "ಮಿಸ್, ಹದಿನೈದು ಕಿಲೋ ಹಡಗು ತೇಲ್ತದೆ. ನಾನ್ಯಾಕೆ ಮುಳುಗ್ತೀನಿ?" ನಾನು ನಿಂತುಬಿಟ್ಟೆ. ಎದೆ ತುಂಬ ಉಸಿರು ಹಿಡಿದರೆ ಹೆಚ್ಚಿನವರ ಮೈ ನೀರಿಗಿಂತ ತುಸು ಹಗುರ. ಮುಳುಗಿಸುವುದು ಮೈಯ ತೂಕಕ್ಕಿಂತ ಹೆಚ್ಚಾಗಿ ಗಾಬರಿ ಮತ್ತು ಕಲಿಯದೆ ಇದ್ದದ್ದು. ಇದನ್ನು ಅವಳಿಗೆ ಹೇಳಿದೆ. ಅವಳು, "ಹಂಗಾದ್ರೆ ಕಲೀಬೇಕಲ್ಲ ಮಿಸ್" ಎಂದಳು. ನೌಕಾಪಡೆ 1992ರಿಂದ ಹೆಂಗಸರನ್ನು ಅಧಿಕಾರಿಗಳಾಗಿ ಸೇರಿಸಿಕೊಂಡಿದೆ. 2017ರ ಸೆಪ್ಟೆಂಬರಿನಿಂದ 2018ರ ಮೇವರೆಗೆ ಆರು ಜನ ಮಹಿಳಾ ಅಧಿಕಾರಿಗಳು 'ತಾರಿಣಿ' ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದರು ಎಂದು ನಾನು ತರಗತಿಯಲ್ಲಿ ಪಾಠ ಹೇಳುತ್ತೇನೆ. ಪಾಠ ಕೇಳುವ ನಲವತ್ತು ಹುಡುಗಿಯರಲ್ಲಿ ಈಜು ಬರುವವಳು ಒಬ್ಬಳೂ ಇಲ್ಲ. ಹೊಳೆಯ ದಂಡೆಯಲ್ಲೇ ಹುಟ್ಟಿ ಬೆಳೆದ ಅವರ ಮೇಡಂಗೂ ಬರುವುದಿಲ್ಲ.

ತಾಯಂದಿರನ್ನು ಮತ್ತೆ ಜಗುಲಿಗೆ ಕರೆದೆ. ಮೈಸೂರಿನಲ್ಲಿ ಹೆಂಗಸರಿಗೆಂದೇ ಬೇರೆ ಹೊತ್ತು ಇಟ್ಟು, ಹೆಂಗಸೇ ಕಲಿಸುವ ಈಜುಕೊಳವೊಂದನ್ನು ಅಕ್ಕನ ಮಗಳು ವಿಚಾರಿಸಿದ್ದಳು. ಬೆಳಗಿನ ರೈಲಿಗೆ ಹೋಗಿ ಮಧ್ಯಾಹ್ನಕ್ಕೆ ಬರಬಹುದು. ಬಟ್ಟೆಯ ಮಾತು ಬಂತು, ಬಸ್ಸು ರೈಲಿನ ಮಾತು ಬಂತು, ವಯಸ್ಸಿಗೆ ಬಂದ ಹುಡುಗಿಯರು ಎಂಬ ಮಾತೂ ಬಂತು. ಎಂಟರಲ್ಲಿ ಮೂವರು ಒಪ್ಪಿದರು. ಒಪ್ಪಿದವರಲ್ಲಿ ಒಬ್ಬರು, ಅಡ್ಡಗೋಡೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದ ತಾಯಿ. ಉಳಿದ ಐವರ ಮನೆಗೆ ಇನ್ನೂ ಹೋಗಿ ಬರುತ್ತಿದ್ದೇನೆ. ಮೂವರ ಜೊತೆಗೆ ನಾಲ್ಕನೆಯವಳಾಗಿ ನಾನೂ ಹೆಸರು ಬರೆಸಿದೆ. ಮೊದಲ ವಾರ ಕಲಿಸಿದ್ದು ಕೊಳದ ಅಂಚು ಹಿಡಿದುಕೊಂಡು ಮೈ ಸಡಿಲ ಬಿಡುವುದನ್ನು, ಅಷ್ಟೇ. ಎದೆಯಲ್ಲಿ ಉಸಿರು, ಭಾರ ಅಡಿಯಲ್ಲಿ, ತಲೆ ಎತ್ತಬಾರದು. ನಮ್ಮ ಹುಡುಗಿಯರಿಗೆ ಇದರಲ್ಲಿ ಯಾವುದೂ ಹೊಸದಲ್ಲ. ಕಲಿಸುವಾಕೆಗೆ ಅದೇ ಆಶ್ಚರ್ಯ.

ಈಗ ಜಗುಲಿಯ ಮೇಲೆ ಮತ್ತೆ ಕ್ಯಾಲೆಂಡರುಗಳ ಹಿಂಬದಿ ಹರಡಿಕೊಂಡಿದೆ. ಎರಡನೆಯ ಹಡಗು 'ಮೈಸೂರು' ಆಗಲೇಬೇಕೆಂದು ಎಂಟು ಜನವೂ ಹಟ ಹಿಡಿದಿದ್ದಾರೆ. 163 ಸೆಂಟಿಮೀಟರ್ ಉದ್ದ, 17 ಸೆಂಟಿಮೀಟರ್ ಅಗಲ, ಗಾಳಿಗೆ ವಾಲುವ ಜಾತಿ. ಮೊದಲು ಈಜು, ಆಮೇಲೆ ಮೈಸೂರು ಎಂದಿದ್ದೇನೆ. ಆ ಮಾತು ಅವರ ಮೂಲಕ ಉಳಿದ ಐದು ಮನೆಗಳಿಗೂ ತಲುಪಲಿ ಎಂದೇ ಸ್ವಲ್ಪ ಜೋರಾಗಿ ಹೇಳಿದ್ದೇನೆ.